ಕ್ರೂಗರ್ ಕಾಡಿಗೆ ಸ್ವಂತ ಡ್ರೈವಿಂಗು, ಆಮೇಲೆ ಕಾಲ್ನಡಿಗೆ: ಹೊರಡೋ ಮೊದಲು ಓದಿಕೊಳ್ಳಿ

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಕ್ರೂಗರ್ ಬಗ್ಗೆ ಹೇಳಿದರೆ ಮೊದಲು ನಂಬಿಕೆ ಬರುವುದಿಲ್ಲ. ಇಲ್ಲಿ ಜೀಪೋ ಕ್ಯಾಂಟರೋ ಹತ್ತಿ ಕೂತರೆ ಡ್ರೈವರ್ ಕರೆದುಕೊಂಡು ಹೋದಲ್ಲಿಗೆ ಹೋಗಬೇಕು, ಅವರು ಹೊರಡೋಣ ಅಂದಾಗ ಹೊರಡಬೇಕು. ದಕ್ಷಿಣ ಆಫ್ರಿಕದ ಕ್ರೂಗರ್‌ನಲ್ಲಿ ಹಾಗಲ್ಲ. ಬಾಡಿಗೆಗೆ ತಗೊಂಡ ಸಾದಾ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು, ನಿಮಗೆ ಇಷ್ಟವಾದ ರಸ್ತೆ ಹಿಡಿದು, ಸಿಂಹ ಮಲಗಿದ ಕಡೆ ಎರಡು ಗಂಟೆ ಬೇಕಾದರೂ ಕಾಯಬಹುದು. ಯಾರೂ "ಟೈಮಾಯ್ತು ಸಾರ್" ಅನ್ನುವುದಿಲ್ಲ. ಆದರೆ ಪಕ್ಕದಲ್ಲಿ ಕೂತು "ಬೇಡ, ಇಲ್ಲಿಂದ ಹಿಂದಕ್ಕೆ ತಗೊಳ್ಳಿ" ಅನ್ನುವವರೂ ಇರುವುದಿಲ್ಲ. ಆ ಕೆಲಸಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಡಿನ ಅಳತೆ ತಲೆಗೆ ಹತ್ತಬೇಕು. ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್, ಅಂದರೆ ಇಪ್ಪತ್ತಕ್ಕೂ ಮಿಕ್ಕಿ ಬಂಡೀಪುರ ಅದರೊಳಗೆ ಹಿಡಿಸುತ್ತವೆ. ಉತ್ತರದಿಂದ ದಕ್ಷಿಣಕ್ಕೆ 350 ಕಿಲೋಮೀಟರ್ ಉದ್ದ. ಒಂದೇ ಸಲಕ್ಕೆ ಪೂರ್ತಿ ನೋಡುತ್ತೇನೆ ಅಂತ ಹೊರಡಬೇಡಿ. ಮೊದಲ ಸಲಕ್ಕೆ ದಕ್ಷಿಣ ಮತ್ತು ನಡುವಿನ ಭಾಗ ಸಾಕು. ಎರಡು ರಾತ್ರಿ ಸಾಬಿ ನದಿ ಪಕ್ಕದ ಸ್ಕುಕುಜಾ ಅಥವಾ ಲೋಯರ್ ಸಾಬಿ ಕ್ಯಾಂಪು, ಇನ್ನೆರಡು ರಾತ್ರಿ ನಡುಭಾಗದ ಸತಾರಾ ಕ್ಯಾಂಪು. ನದಿಯ ದೊಡ್ಡ ಮರಗಳ ಸಾಲಲ್ಲಿ ಚಿರತೆ ಸಿಗುವ ಸಂಭವ ಜಾಸ್ತಿ. ಸತಾರಾದ ಹುಲ್ಲುಗಾವಲಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್ ಹಿಂಡುಗಳಿವೆ, ಅವುಗಳ ಹಿಂದೆ ಸಿಂಹಗಳಿವೆ.

ಯಾವಾಗ ಹೋಗಬೇಕು? ನನ್ನನ್ನು ಕೇಳಿದರೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಅದು ಅಲ್ಲಿಯ ಚಳಿಗಾಲ, ಒಣ ಕಾಲ. ಹುಲ್ಲು ಬಾಡಿ ಕೂತಿರುತ್ತದೆ, ಎಲೆ ಉದುರಿರುತ್ತದೆ, ನೀರಿರುವ ಕಡೆಗೇ ಪ್ರಾಣಿಗಳು ಬರಬೇಕು. ಮಲೇರಿಯಾ ಕಾಟವೂ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಹೊರಡುವ ಎರಡು ಮೂರು ವಾರ ಮೊದಲೇ ಡಾಕ್ಟರ ಹತ್ತಿರ ಮಾತ್ರೆ ಬಗ್ಗೆ ಕೇಳಿ. ಚಳಿಗಾಲ ಅಂದೆನಲ್ಲ, ಬೆಳಗಿನ ಜಾವ ನಿಜಕ್ಕೂ ಕೊರೆಯುತ್ತದೆ. ಆಫ್ರಿಕ ಅಂದರೆ ಬಿಸಿಲು ಅಂದುಕೊಂಡು ಸ್ವೆಟರ್ ಬಿಟ್ಟು ಹೋದವರನ್ನು ಕಂಡಿದ್ದೇನೆ. ಆ ಪೈಕಿ ನಾನೂ ಒಬ್ಬ.

ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು ಕಾರು ತಗೊಂಡು ಎನ್4 ಹೆದ್ದಾರಿಯಲ್ಲಿ ಎಂಬೊಂಬೆಲಾ ಕಡೆಗೆ ಹೊರಟರೆ ದಕ್ಷಿಣದ ಗೇಟುಗಳಿಗೆ ಐದು ಗಂಟೆ ದಾರಿ. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಅದೊಂದು ನೆಮ್ಮದಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ, ನಿಮ್ಮ ಮೂಲ ಲೈಸೆನ್ಸೂ ಜೊತೆಗಿರಲಿ. ಫೋರ್ ವೀಲ್ ಡ್ರೈವ್ ಏನೂ ಬೇಕಿಲ್ಲ, ಮುಖ್ಯ ರಸ್ತೆಗಳು ಟಾರು, ಜಲ್ಲಿ ರಸ್ತೆಗಳೂ ಚೆನ್ನಾಗಿವೆ. ಸೀಟು ಸ್ವಲ್ಪ ಎತ್ತರ ಇರುವ ಗಾಡಿ ಸಿಕ್ಕರೆ ಹುಲ್ಲಿನ ಮೇಲಿಂದ ಕಾಣುತ್ತದೆ, ಅಷ್ಟೇ. ಬೋಟ್ಸ್ವಾನಾದ ಮೊರೆಮಿ ಕಾಡಿಗೆ ಹೋಗುವುದಾದರೆ ಕಥೆ ಬೇರೆ. ಅಲ್ಲಿ ಬರೀ ಮರಳು, ಸಾದಾ ಕಾರು ಹೂತುಕೊಳ್ಳುತ್ತದೆ.

ಕಾರು ಕೈಗೆ ಕೊಟ್ಟಾಗ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ಬರೀ ಇದೆಯಾ ಅಂತಲ್ಲ, ಅದರಲ್ಲಿ ಗಾಳಿ ಇದೆಯಾ ಅಂತ. ನನಗೆ ಕೊಟ್ಟ ಕಾರಿನ ಸ್ಟೆಪ್ನಿಯೇ ಚಪ್ಪಟೆಯಾಗಿತ್ತು, ಅದು ಗೊತ್ತಾದದ್ದು ಸತಾರಾ ಹತ್ತಿರದ ಜಲ್ಲಿ ರಸ್ತೆಯಲ್ಲಿ. ಅದೂ ನಾನು ಮಾಡಬಾರದ್ದನ್ನು ಮಾಡಿ, ಅತ್ತಿತ್ತ ನೋಡಿ ಕಾರಿನಿಂದ ಇಳಿದ ಮೇಲೆ. ಅಲ್ಲಿ ಕಾರಿನಿಂದ ಇಳಿಯುವ ಹಾಗೇ ಇಲ್ಲ. ಬೋರ್ಡು ಹಾಕಿದ ಜಾಗ, ಕ್ಯಾಂಪು, ಪಿಕ್ನಿಕ್ ಸ್ಥಳ ಬಿಟ್ಟರೆ ಬಾಗಿಲು ತೆಗೆಯಬಾರದು, ಕಿಟಕಿಯಿಂದ ಮೈ ಹೊರಗೆ ಚಾಚಬಾರದು, ಸನ್‌ರೂಫಿನಲ್ಲಿ ನಿಲ್ಲಬಾರದು. ಗಾಡಿ ಕೈಕೊಟ್ಟರೆ ಒಳಗೇ ಕೂತು, ಗೇಟಿನಲ್ಲಿ ಕೊಟ್ಟ ಪರ್ಮಿಟ್ ಮೇಲಿರುವ ನಂಬರಿಗೆ ಫೋನ್ ಮಾಡಬೇಕು. ಸಿಗ್ನಲ್ ಇಲ್ಲದಿದ್ದರೆ ಮುಂದೆ ಬರುವ ಕಾರಿಗೆ ಹೇಳಿ ಕಳಿಸಬೇಕು. ನಮಗೆ ನಲವತ್ತು ನಿಮಿಷ ಆದ ಮೇಲೆ ವಯಸ್ಸಾದ ಗಂಡ ಹೆಂಡತಿ ಬಂದರು, ಅವರೇ ಕ್ಯಾಂಪಿಗೆ ಸುದ್ದಿ ಮುಟ್ಟಿಸಿದರು.

ಇಳಿಯಬಾರದು ಅನ್ನುವುದಕ್ಕೆ ಕಾರಣ ಇದೆ. ಸಿಂಹದ ಕಣ್ಣಿಗೆ ಕಾರು ಅಂದರೆ ಒಂದು ದೊಡ್ಡ ಡಬ್ಬ. ಹುಟ್ಟಿದಾಗಿನಿಂದ ನೋಡಿದೆ, ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಮ್ಮ ಅರ್ಧ ಮೈ ಆ ಡಬ್ಬದಿಂದ ಹೊರಗೆ ಬಂದರೆ ಅದಕ್ಕೆ ಕಾಣುವುದು ಮನುಷ್ಯ.

ವೇಗದ ಮಿತಿ ಟಾರಿನಲ್ಲಿ 50, ಜಲ್ಲಿಯಲ್ಲಿ 40. ಆದರೆ 50ರಲ್ಲಿ ಹೋದರೆ ಜಿಂಕೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. 25ರಲ್ಲಿ ಹೋಗಿ. ಪೊದೆಯನ್ನು ನೋಡಬೇಡಿ, ಪೊದೆಯ ಆಚೆಗೆ ನೋಡಿ. ಕಾಡಲ್ಲಿ ಗೆರೆಗಳೆಲ್ಲ ಮೇಲಿಂದ ಕೆಳಕ್ಕೆ ಇರುತ್ತವೆ, ಅಡ್ಡ ಗೆರೆ ಕಂಡರೆ ಅದೊಂದು ಬೆನ್ನಿರಬಹುದು. ಕಿವಿ ಅಲುಗಿತೇ, ಬಾಲ ಆಡಿತೇ ಗಮನಿಸಿ. ಜಿರಾಫೆ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ನೀವೂ ಆ ಕಡೆಯೇ ಬೈನಾಕ್ಯುಲರ್ ತಿರುಗಿಸಿ. ಮರದ ಮೇಲೆ ರಣಹದ್ದುಗಳು ಇಳಿಯದೆ ಕೂತಿವೆ ಅಂದರೆ ಕೆಳಗೆ ಬೇಟೆಯ ಮೇಲೆ ಇನ್ನೂ ಯಾರೋ ಇದ್ದಾರೆ. ಇಷ್ಟೂ ಬೇಡ ಅಂದರೆ ಒಂದು ನೀರಿನ ಹೊಂಡದ ಪಕ್ಕ ಎಂಜಿನ್ ಆಫ್ ಮಾಡಿ ಸುಮ್ನೆ ಅರ್ಧ ಗಂಟೆ ಕೂತುಬಿಡಿ. ಲೋಯರ್ ಸಾಬಿ ಹತ್ತಿರದ ಸನ್‌ಸೆಟ್ ಡ್ಯಾಮಿನಲ್ಲಿ ಒಂದು ಫ್ಲಾಸ್ಕ್ ಕಾಫಿ ಖಾಲಿಯಾಗುವುದರೊಳಗೆ ಮೊಸಳೆ, ನೀರಾನೆ, ಕೊಕ್ಕರೆ, ನೀರಿಗೆ ಬಂದ ಆನೆ ಎಲ್ಲ ಆಗಿತ್ತು.

ದಾರಿಯಲ್ಲಿ ಆನೆ ಲದ್ದಿ ಬಿದ್ದಿದ್ದರೆ ಅದರ ಮೇಲೆ ಹತ್ತಿಸಬೇಡಿ, ಅದರಲ್ಲಿ ಸಗಣಿ ಹುಳುಗಳು ದುಡಿಯುತ್ತಿರುತ್ತವೆ. ಪಿಕ್ನಿಕ್ ಸ್ಥಳಗಳಲ್ಲಿ ಕೋತಿ, ಬಬೂನುಗಳ ಕಾಟ ನಮ್ಮ ಬೆಟ್ಟದ ದೇವಸ್ಥಾನಗಳಷ್ಟೇ. ಕಿಟಕಿ ಏರಿಸಿ.

ಆನೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾವು ಕರ್ನಾಟಕದವರು ನಮಗೆ ಆನೆ ಗೊತ್ತು ಅಂದುಕೊಂಡು ಹೋಗುತ್ತೇವೆ. ಅಲ್ಲಿ ಹೆಣ್ಣಿಗೂ ದಂತ ಇರುತ್ತದೆ, ದಂತ ನೋಡಿ ಸಲಗ ಅನ್ನಬೇಡಿ. ಹಣೆ ನೋಡಿ. ಪಕ್ಕದಿಂದ ದುಂಡಗಿದ್ದರೆ ಗಂಡು, ಮೂಲೆ ಎದ್ದು ಕೋನದ ಹಾಗಿದ್ದರೆ ಹೆಣ್ಣು. ಕೆನ್ನೆ ಒದ್ದೆಯಾಗಿದ್ದ ಮಾತ್ರಕ್ಕೆ ಮದ ಅನ್ನುವ ಹಾಗೂ ಇಲ್ಲ, ಆಫ್ರಿಕದಲ್ಲಿ ಹೆಣ್ಣಾನೆಗೂ ಗಾಬರಿಯಾದಾಗ ಕೆನ್ನೆ ಸೋರುತ್ತದೆ. ಮದ ಬಂದ ಸಲಗನಿಗೆ ಕೆನ್ನೆಯ ಜೊತೆ ಹಿಂಗಾಲುಗಳೂ ಒದ್ದೆ, ಉಚ್ಚೆ ತೊಟ್ಟಿಕ್ಕುತ್ತಲೇ ಇರುತ್ತದೆ, ತಲೆ ಎತ್ತಿ ನಡೆಯುತ್ತದೆ, ವಾಸನೆ ದೂರಕ್ಕೇ ಬರುತ್ತದೆ.

ಅಂಥದ್ದೊಂದು ನಮಗೆ ಸ್ಕುಕುಜಾದಿಂದ ಲೋಯರ್ ಸಾಬಿಗೆ ಹೋಗುವ ಎಚ್4-1 ರಸ್ತೆಯಲ್ಲಿ ಎದುರಾಯಿತು. ಸಂಜೆ ನಾಲ್ಕೂವರೆ ಇರಬೇಕು. ರಸ್ತೆಯ ನಟ್ಟನಡುವೆ, ತನ್ನ ಮನೆಯ ಅಂಗಳದಲ್ಲಿ ನಡೆದ ಹಾಗೆ ಬರುತ್ತಿತ್ತು. ನಾನು ರಿವರ್ಸ್ ಹಾಕಿದೆ. ಹಿಂದಿನ ಕಾರಿನವರು ಫೋಟೋ ತೆಗೆಯುತ್ತಾ ನಿಂತಿದ್ದರು, ಅಲುಗಲಿಲ್ಲ. ಹಾರ್ನ್ ಹೊಡೆಯುವ ಹಾಗಿಲ್ಲ. ಹಜಾರ್ಡ್ ಲೈಟು ಹಾಕಿ, ಇಂಚಿಂಚಾಗಿ ಅವರ ಬಂಪರ್ ಹತ್ತಿರ ಹೋದೆ, ಆಮೇಲೆ ಅರ್ಥವಾಯಿತು ಅವರಿಗೆ. ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಹಿಂದಕ್ಕೇ ಹೋದೆವು. ನಾವು ನಿಂತರೆ ಅದು ನಿಲ್ಲಲಿಲ್ಲ, ನಾವು ಹೋದರೆ ಜೋರಾಗಲೂ ಇಲ್ಲ. ಕೊನೆಗೆ ಬಲಗಡೆ ಒಂದು ಮರ ಕಂಡು ಅದನ್ನು ತಿಕ್ಕಲು ರಸ್ತೆ ಬಿಟ್ಟಿತು. ಅವತ್ತಿನಿಂದ ನನ್ನ ಪದ್ಧತಿ ಹೀಗೆ: ಆನೆಗೆ ಕಡಿಮೆ ಅಂದರೂ 50 ಮೀಟರ್ ಜಾಗ, ಎಂಜಿನ್ ಆಫ್ ಮಾಡುವುದಿಲ್ಲ, ತಾಯಿ ಮರಿ ನಡುವೆ ನುಗ್ಗುವುದಿಲ್ಲ. ಮುಂದೆ ಹೋಗುವ ದಾರಿಗಿಂತ ಮೊದಲು ಹಿಂದೆ ಹೋಗುವ ದಾರಿ ನೋಡಿಕೊಳ್ಳುತ್ತೇನೆ.

ಗೇಟಿನ ಹೊತ್ತು ತಪ್ಪಿಸಬೇಡಿ. ಜೂನ್, ಜುಲೈನಲ್ಲಿ ಬೆಳಿಗ್ಗೆ 6ಕ್ಕೆ ತೆಗೆದು ಸಂಜೆ 5.30ಕ್ಕೆ ಮುಚ್ಚುತ್ತಾರೆ, ತಡವಾದರೆ ದಂಡ. ಸ್ಕುಕುಜಾದಿಂದ ಸತಾರಾಗೆ 90 ಕಿಲೋಮೀಟರ್ ಚಿಲ್ಲರೆ, ಎರಡು ಗಂಟೆ ಅಂತ ಲೆಕ್ಕ ಹಾಕಿದರೆ ಕೆಟ್ಟಿರಿ. ನಿಂತು ನಿಂತು ಹೋಗುವವರಿಗೆ ನಾಲ್ಕೈದು ಗಂಟೆ ಬೇಕು. ಊಟದ ಚಿಂತೆ ಬೇಡ, ಅಡುಗೆ ಸೌಕರ್ಯ ಇರುವ ಕಾಟೇಜು ಹಿಡಿದು ಎಂಬೊಂಬೆಲಾದಲ್ಲಿ ಅಕ್ಕಿ ತರಕಾರಿ ತಗೊಳ್ಳಿ. ಅಲ್ಲಿಯವರ ಪಾಪ್ ಅನ್ನುವ ಮೆಕ್ಕೆಜೋಳದ ಮುದ್ದೆ ಸಿಕ್ಕರೆ ತಿನ್ನಿ, ಮಂಡ್ಯದವರಿಗೆ ಬಣ್ಣ ಒಂದು ಬಿಟ್ಟು ಬೇರೇನೂ ಹೊಸದಲ್ಲ. ಒಲೆಗೆ ಕಾಡಿನ ಕಟ್ಟಿಗೆ ಮಾತ್ರ ಹೆಕ್ಕಬೇಡಿ. ಹೆಕ್ಕುವ ಹಾಗೂ ಇಲ್ಲ, ಜೊತೆಗೆ ತಾಂಬೋಟಿ ಅನ್ನುವ ಮರದ ಹೊಗೆಯಲ್ಲಿ ಬೆಂದ ಊಟ ಹೊಟ್ಟೆ ಕೆಡಿಸುತ್ತದೆ.

ಎರಡು ದಿನ ಕಾರಲ್ಲಿ ಕಣ್ಣು ಪಳಗಿದ ಮೇಲೆ ನಡೆಯಲು ಹೋಗಿ. ಮೊದಲ ದಿನವೇ ಬೇಡ. ಕ್ಯಾಂಪುಗಳಿಂದ ಬೆಳಗಿನ ನಡಿಗೆ ಇರುತ್ತದೆ, ಹೆಚ್ಚೆಂದರೆ ಎಂಟು ಜನ, ಬಂದೂಕು ಹಿಡಿದ ಇಬ್ಬರು ಗೈಡುಗಳು. 12 ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ. ಗೈಡಿಲ್ಲದೆ ನಡೆಯುವ ಮಾತೇ ಇಲ್ಲ. ಇನ್ನೂ ಆಸೆ ಇದ್ದವರಿಗೆ ಮೂರು ರಾತ್ರಿ ಕಾಡಿನ ಸಣ್ಣ ಕ್ಯಾಂಪಲ್ಲಿ ಉಳಿದು ದಿನಾ ನಡೆಯುವ ಟ್ರೇಲುಗಳೂ ಇವೆ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಅವುಗಳಲ್ಲಿ ಮೊದಲನೆಯದು 1978ರಲ್ಲಿ ಶುರುವಾದ ವೊಲ್‌ಹುಟರ್ ಟ್ರೇಲ್. ಹ್ಯಾರಿ ವೊಲ್‌ಹುಟರ್ ಇಲ್ಲಿಯ ರೇಂಜರ್. 1903ರಲ್ಲಿ ಕುದುರೆಯಿಂದ ಬಿದ್ದ ಅವನನ್ನು ಸಿಂಹ ಭುಜ ಕಚ್ಚಿ ಎಳೆದುಕೊಂಡು ಹೋಗುತ್ತಿದ್ದಾಗ ಸೊಂಟದ ಚಾಕುವಿನಿಂದ ಇರಿದು ಕೊಂದ. ಆ ಚಾಕು ಸ್ಕುಕುಜಾದಲ್ಲಿ ಇಟ್ಟಿದ್ದಾರೆ, ನೋಡಿ ಬನ್ನಿ. ಅಡುಗೆಮನೆ ಚಾಕುವಿಗಿಂತ ದೊಡ್ಡದೇನಲ್ಲ.

ಬಟ್ಟೆ ಖಾಕಿ, ಕಂದು, ಮಾಸಲು ಹಸಿರು. ಬಿಳಿ ಬೇಡ, ಕೆಂಪು ಬೇಡ. ಸೆಂಟು ಬೇಡ. ಸರಸರ ಅನ್ನುವ ಜರ್ಕಿನ್ನೂ ಬೇಡ, ಚಳಿಗೆ ಉಣ್ಣೆ ಸ್ವೆಟರೇ ಒಳ್ಳೆಯದು. ಶೂ ದಪ್ಪ ಅಟ್ಟೆಯದಾಗಿರಲಿ, ಹೊಸದಾಗಿರಬಾರದು. ಒಂದೂವರೆ ಲೀಟರ್ ನೀರು. ಕ್ಯಾಮೆರಾ ಸಣ್ಣದು ಸಾಕು. ನಡಿಗೆಯಲ್ಲಿ ಹತ್ತಿರದ ಫೋಟೋ ಸಿಗುವುದಿಲ್ಲ, ಸಿಗಲೂಬಾರದು. ಪ್ರಾಣಿಗೆ ಗೊತ್ತಾಗದ ಹಾಗೆ ಬಂದು ಗೊತ್ತಾಗದ ಹಾಗೆ ಹೋಗಿಬಿಟ್ಟರೆ ಗೈಡಿಗೆ ಅದೇ ಒಳ್ಳೆಯ ದಿನ.

ನಡೆಯುವಾಗ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ. ಏನಾದರೂ ಕಂಡರೆ ಚಿಟಿಕೆ ಹೊಡೆಯಬೇಕು. ಗೈಡ್ ಕೈ ಎತ್ತಿದರೆ ಎತ್ತಿದ ಕಾಲು ಅಲ್ಲೇ ನಿಲ್ಲಬೇಕು. ಏನೇ ಆದರೂ ಓಡಬಾರದು, ಇದನ್ನು ಹೊರಡುವ ಮುಂಚೆ ಮೂರು ಸಲ ಹೇಳುತ್ತಾರೆ. ಸಿಂಹದ ಮುಂದೆ ಓಡಿದರೆ ನೀವು ಬೇಟೆ. ನಿಂತು, ಮುಖ ಕೊಟ್ಟು, ಗೈಡ್ ಹೇಳಿದ ಹಾಗೆ ನಿಧಾನವಾಗಿ ಹಿಂದೆ ಸರಿಯಬೇಕು. ನೀರಾನೆಗೂ ನೀರಿಗೂ ನಡುವೆ ನಿಲ್ಲಬಾರದು, ಅದು ಓಡುವುದು ನೀರಿನ ಕಡೆಗೆ.

ನಮ್ಮ ಗೈಡ್ ಕೈಯಲ್ಲಿ ಬೂದಿ ತುಂಬಿದ ಒಂದು ಹಳೆ ಕಾಲುಚೀಲ ಇತ್ತು. ಹತ್ತು ಹೆಜ್ಜೆಗೊಮ್ಮೆ ಅದನ್ನು ಕೊಡವುವುದು, ಬೂದಿ ಯಾವ ಕಡೆ ಹೋಯಿತು ನೋಡುವುದು. ಕಾರಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಒಂದು ಸಲವೂ ನಾನು ಯೋಚಿಸಿರಲಿಲ್ಲ. ಒಂದು ಮುಳ್ಳಿನ ಗಿಡ ತೋರಿಸಿ ಬಫೆಲೋ ಥಾರ್ನ್ ಅಂದರು. ಒಂದು ಮುಳ್ಳು ನೇರ, ಪಕ್ಕದ್ದು ಕೊಕ್ಕೆ. ನನಗೆ ನಗು ಬಂತು, ನಮ್ಮ ಎಲಚಿ ಗಿಡದ ಜಾತಿಯೇ ಅದು, ಚಿಕ್ಕವನಿದ್ದಾಗ ಹಣ್ಣು ಕೀಳಲು ಹೋಗಿ ಅಂಗಿ ಹರಿದುಕೊಂಡ ಅದೇ ಮುಳ್ಳು. ಆಮೇಲೆ ಒಣಗಿದ ಹಳ್ಳದ ದಂಡೆಯಲ್ಲಿ ಗೈಡ್ ಮುಷ್ಟಿ ಎತ್ತಿದರು. ಏನೂ ಕಾಣಲಿಲ್ಲ. ಬರೀ ಸದ್ದು, ಎಣ್ಣೆ ಕಾದಾಗ ಚುರುಗುಟ್ಟುವ ಹಾಗೆ. ಆಕ್ಸ್‌ಪೆಕರ್ ಅಂತ ಪ್ರಾಣಿಗಳ ಮೈಮೇಲಿನ ಉಣ್ಣೆ ಹುಳ ಹೆಕ್ಕುವ ಹಕ್ಕಿಯ ಎಚ್ಚರಿಕೆ ಕೂಗು ಅದು. ಆ ಹಕ್ಕಿ ಇದೆ ಅಂದರೆ ಅದರ ಕೆಳಗೊಂದು ಬೆನ್ನಿದೆ. ಮುಂದಿನ ತಿರುವಿನಲ್ಲಿ, ಮೂವತ್ತು ಮೀಟರ್ ಇರಬಹುದು, ಎರಡು ಮುದಿ ಬಫೆಲೋಗಳು ಮರಳಲ್ಲಿ ಮಲಗಿದ್ದವು, ಮೈತುಂಬ ಒಣಗಿದ ಕೆಸರು. ಹಿಂಡು ಬಿಟ್ಟ ಇಂಥ ಗಂಡುಗಳಿಗೇ ಗೈಡುಗಳು ಸಿಂಹಕ್ಕಿಂತ ಜಾಸ್ತಿ ಹೆದರುವುದು. ಅಷ್ಟರಲ್ಲಿ ನನ್ನ ಕತ್ತಿನ ಹಿಂದೆ ತಣ್ಣಗೆ ಗಾಳಿ ತಾಕಿತು. ಕಾಲುಚೀಲ ನೋಡುವುದೇ ಬೇಕಾಗಲಿಲ್ಲ. ಒಂದು ತಲೆ ಮೇಲೆದ್ದಿತು, ಮೂಗು ನಮ್ಮ ಕಡೆ. ಗೈಡ್ ಬೆರಳಲ್ಲಿ ದಾರಿ ತೋರಿಸಿದರು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ, ದೊಡ್ಡ ಸುತ್ತು ಹಾಕಿ, ನಮ್ಮ ವಾಸನೆ ಗಾಳಿಯಲ್ಲಿ ಅವುಗಳಿಗೆ ಹೋಗದ ಕಡೆಗೆ ಬಂದೆವು. ಗುಂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಕ್ಯಾಂಪಿಗೆ ಬಂದ ತಕ್ಷಣ ಸ್ನಾನ ಮಾಡಿ, ಮೈಯೆಲ್ಲ ಹುಡುಕಿ. ಕಾಲುಚೀಲದ ಅಂಚು, ಮೊಣಕಾಲ ಹಿಂದೆ, ಸೊಂಟದ ಪಟ್ಟಿ. ಅಲ್ಲಿಯ ಉಣ್ಣೆ ಮರಿಗಳು ಮೆಣಸಿನ ಪುಡಿಯಷ್ಟು ಸಣ್ಣ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಂಡೇ ಹೊರಟಿರುತ್ತಾರೆ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟಿ, ವಾರದ ಮೇಲೆ ತಲೆನೋವು ಜ್ವರ ಬಂದರೆ ಅದು ಉಣ್ಣೆ ಜ್ವರ ಇರಬಹುದು. ಊರಿಗೆ ಬಂದು ವಾರಗಳಾದ ಮೇಲೆ ಜ್ವರ ಬಂದರೆ ಮಲೇರಿಯಾ ಕೂಡ ಇರಬಹುದು. ಬೆಂಗಳೂರಿನಲ್ಲಿ ಜ್ವರ ಅಂದ ತಕ್ಷಣ ಎಲ್ಲರ ಬಾಯಲ್ಲೂ ಡೆಂಗಿ. ಡಾಕ್ಟರ ಮುಂದೆ ಕೂತ ಕೂಡಲೇ, ಅವರು ಕೇಳುವ ಮೊದಲೇ, ಕ್ರೂಗರ್‌ಗೆ ಹೋಗಿದ್ದೆ, ಕಾಡಲ್ಲಿ ನಡೆದಿದ್ದೆ ಅಂತ ಹೇಳಿ.