ಫೋನಿಗೆ ಮುಕ್ತ ತಂತ್ರಾಂಶದ ಆ್ಯಪ್ ಆರಿಸುವಾಗ ಏನನ್ನು ನೋಡಬೇಕು

ಖಾಸಗಿತನವನ್ನು ಗೌರವಿಸುವ ಆ್ಯಪ್‌ಗಳಿಗೆ ಬದಲಾಗಬೇಕೆಂದು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಒಂದು ಪಟ್ಟಿಯನ್ನು. ಈ ಆ್ಯಪ್ ತೆಗೆದು ಅದನ್ನು ಹಾಕಿಕೊಳ್ಳಿ ಎನ್ನುವ ಇಂಥ ಪಟ್ಟಿಗಳು ಉಪಯುಕ್ತವೇ ಆದರೂ ಬಹುಬೇಗ ಹಳತಾಗುತ್ತವೆ. ‘ಸಿಂಪಲ್ ಮೊಬೈಲ್ ಟೂಲ್ಸ್’ ಎಂಬ ಹೆಸರಿನಲ್ಲಿ ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್ ಮುಂತಾದ ಚಿಕ್ಕ ಆ್ಯಪ್‌ಗಳ ಒಂದು ಗುಂಪಿತ್ತು. ಜಾಹೀರಾತಿನ ಕಾಟವಿಲ್ಲದ ಆ ಆ್ಯಪ್‌ಗಳು ಇಂಥ ಪಟ್ಟಿಗಳಲ್ಲಿ ಕಾಯಂ ಸದಸ್ಯರಾಗಿದ್ದವು. 2023ರ ಕೊನೆಯಲ್ಲಿ ಅವುಗಳನ್ನು ಝಿಪೊಆ್ಯಪ್ಸ್ ಎಂಬ ಕಂಪನಿಗೆ ಮಾರಲಾಯಿತು. ಹೆಸರು ಅದೇ ಉಳಿಯಿತು, ಮಾಲೀಕರು ಬದಲಾದರು. ಸೋರ್ಸ್ ಕೋಡ್, ಅಂದರೆ ಆ್ಯಪ್ ಅನ್ನು ಬರೆದಿರುವ ಮೂಲ ಸಾಲುಗಳು, ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಲಭ್ಯವಿದ್ದುದರಿಂದ, ಆ ಯೋಜನೆಗೆ ದುಡಿದಿದ್ದವರೇ ಅದರ ಒಂದು ನಕಲನ್ನು ತೆಗೆದುಕೊಂಡು ‘ಫಾಸಿಫೈ’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಆದ್ದರಿಂದ ಈ ಬರಹದಲ್ಲಿ ಬರುವ ಹೆಸರುಗಳನ್ನು ಉದಾಹರಣೆಗಳೆಂದಷ್ಟೇ ತಿಳಿಯಬೇಕು. ಒಂದು ಆ್ಯಪ್ ಎದುರಿಗೆ ಬಂದಾಗ ಅದಕ್ಕೆ ನಮ್ಮ ಬಗ್ಗೆ ಏನೇನು ಗೊತ್ತಾಗುತ್ತದೆ, ಗೊತ್ತಾದದ್ದು ಫೋನಿನಿಂದ ಹೊರಗೆ ಹೋಗುತ್ತದೆಯೇ, ನಾಳೆ ಅದನ್ನು ಬಿಡಬೇಕಾಗಿ ಬಂದರೆ ನಮ್ಮದನ್ನೆಲ್ಲ ಹೊರತೆಗೆದುಕೊಳ್ಳಲು ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದನ್ನು ರೂಢಿಸಿಕೊಂಡರೆ ಹೆಚ್ಚಿನ ಕೆಲಸ ಮುಗಿದಂತೆ.

ಓಪನ್ ಸೋರ್ಸ್ ಎಂಬ ಹಣೆಪಟ್ಟಿ ಎಷ್ಟು ಹೇಳುತ್ತದೆ

ಸೋರ್ಸ್ ಕೋಡ್ ಬಹಿರಂಗವಾಗಿದೆ ಎಂದರೆ ಬೇಕಾದವರು ಅದನ್ನು ಓದಬಹುದು ಎಂದರ್ಥ. ಯಾರಾದರೂ ಓದಿದ್ದಾರೆ ಎಂದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. 2024ರ ಮಾರ್ಚ್‌ನಲ್ಲಿ, ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಮುಕ್ತ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲೊಂದನ್ನು, ಅಂದರೆ ಕದ್ದು ಒಳನುಗ್ಗುವ ದಾರಿಯನ್ನು, ಅಡಗಿಸಿಟ್ಟಿದ್ದು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಮಾಡಿದ್ದು, ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಹುಡುಕುತ್ತ ಹೋದಾಗ. ಕೋಡ್ ಮುಚ್ಚಿದ್ದಿದ್ದರೆ ಅವರ ಹುಡುಕಾಟ ಅಲ್ಲಿಗೇ ನಿಲ್ಲುತ್ತಿತ್ತೇನೋ. ತೆರೆದಿದ್ದ ಮಾತ್ರಕ್ಕೆ ಹಿಂಬಾಗಿಲು ಒಳಗೆ ಸೇರುವುದು ತಪ್ಪಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನೊಂದು ತೊಡಕೆಂದರೆ, ಆ್ಯಪ್ ಮುಕ್ತವಾಗಿದ್ದರೂ ಅದು ಮಾತಾಡುವ ಸರ್ವರ್ (ಸೇವೆ ಕೊಡುವವರ ಕಡೆಯ ಕಂಪ್ಯೂಟರ್) ಮುಕ್ತವಾಗಿರಬೇಕೆಂದಿಲ್ಲ. ಟೆಲಿಗ್ರಾಂ ಆ್ಯಪ್‌ನ ಕೋಡ್ ಲಭ್ಯವಿದೆ, ಅದರ ಸರ್ವರ್‌ನದು ಇಲ್ಲ. ಅಲ್ಲದೆ ‘ಸೀಕ್ರೆಟ್ ಚಾಟ್’ ಎಂದು ಪ್ರತ್ಯೇಕವಾಗಿ ಆರಂಭಿಸದ ಹೊರತು ಅಲ್ಲಿನ ಸಂಭಾಷಣೆಗಳಿಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಎನ್‌ಕ್ರಿಪ್ಷನ್, ಅಂದರೆ ಮಾತಾಡುವವರ ಹೊರತು ನಡುವೆ ಯಾರೂ ಓದಲಾಗದಂತೆ ಮಾಡುವ ಗುಪ್ತಲಿಪಿ, ಇರುವುದಿಲ್ಲ. ವಾಟ್ಸ್ಆ್ಯಪ್‌ನ ಸ್ಥಿತಿ ಇದಕ್ಕೆ ತಿರುಗುಮುರುಗು: ಸಂದೇಶಗಳನ್ನು ಕಾಯುವ ವಿಧಾನ ‘ಸಿಗ್ನಲ್’ ಎಂಬ ಮುಕ್ತ ಸಂದೇಶ ಆ್ಯಪ್‌ನಿಂದಲೇ ಪಡೆದದ್ದು, ಆದರೆ ಆ್ಯಪ್‌ನ ಕೋಡ್ ಮುಚ್ಚಿದೆ. ಸಂದೇಶದೊಳಗಿನ ಮಾತು ಗುಪ್ತವಾಗಿದ್ದರೂ ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬ ಮಾಹಿತಿಯೇ ಎಷ್ಟೋ ಸಲ ಸಾಕಷ್ಟು ಹೇಳಿಬಿಡುತ್ತದೆ. ಸಿಗ್ನಲ್ ಸಂಸ್ಥೆಗೆ 2016ರಲ್ಲಿ ಅಮೆರಿಕದ ವರ್ಜೀನಿಯಾದಿಂದ ನ್ಯಾಯಾಂಗದ ಆದೇಶ ಬಂದು ಬಳಕೆದಾರರ ಮಾಹಿತಿ ಕೇಳಿದಾಗ ಅದು ಕೊಡಲು ಸಾಧ್ಯವಾದದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ ಮತ್ತು ಅದು ಕೊನೆಯ ಬಾರಿ ಸರ್ವರ್‌ಗೆ ಸಂಪರ್ಕಗೊಂಡ ದಿನ. ಕೊಡುವುದಿಲ್ಲ ಎಂದು ಹಟ ಹಿಡಿಯುವ ಸಂಸ್ಥೆಗಿಂತ, ಕೊಡಲು ತನ್ನ ಬಳಿ ಏನನ್ನೂ ಇಟ್ಟುಕೊಳ್ಳದ ಸಂಸ್ಥೆಯನ್ನು ನಾನು ಹೆಚ್ಚು ನಂಬುತ್ತೇನೆ. ಸಿಗ್ನಲ್ ಸೇರಲು ಇಂದಿಗೂ ಫೋನ್ ನಂಬರ್ ಬೇಕೇ ಬೇಕು ಎಂಬ ಕೊರತೆಯನ್ನೂ ಇದರ ಜೊತೆಗೇ ಹೇಳಬೇಕು. 2024ರಿಂದ ಬಳಕೆದಾರ ಹೆಸರಿನ ಸೌಲಭ್ಯ ಬಂದಿರುವುದರಿಂದ ಎದುರಿನವರಿಗೆ ಆ ನಂಬರ್ ಕಾಣದಂತೆ ಮಾಡಿಕೊಳ್ಳಬಹುದು.

ಅನುಮತಿಗಳು, ಅದರಲ್ಲೂ ಕೇಳದೆ ಪಡೆಯುವ ಒಂದು ಅನುಮತಿ

ಕ್ಯಾಮೆರಾ, ಮೈಕ್, ಸ್ಥಳ, ಸಂಪರ್ಕಗಳು ಇಂಥವಕ್ಕೆ ಬಳಸುವ ಹೊತ್ತಿಗೆ ಒಪ್ಪಿಗೆ ಕೇಳುವ ಪದ್ಧತಿ 2015ರ ಆಂಡ್ರಾಯ್ಡ್ 6ರಿಂದ ಬಂದಿದೆ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಡ್ಯಾಶ್‌ಬೋರ್ಡ್ ಎಂಬ ಪುಟವಿದ್ದು, ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್ ಅಥವಾ ಸ್ಥಳದ ಮಾಹಿತಿಯನ್ನು ಬಳಸಿತು ಎಂಬುದನ್ನು ಅಲ್ಲಿ ನೋಡಬಹುದು. ಹೊಸ ಆ್ಯಪ್ ಹುಡುಕುವುದಕ್ಕೆ ಮುಂಚೆ ಒಮ್ಮೆ ಆ ಪುಟವನ್ನು ತೆರೆದು ನೋಡಿದರೆ ಯಾವುದನ್ನು ಮೊದಲು ಬದಲಿಸಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಅನುಮತಿಯ ಬಗ್ಗೆ ಆಂಡ್ರಾಯ್ಡ್ ನಮ್ಮನ್ನು ಕೇಳುವುದೇ ಇಲ್ಲ. ಇಂಟರ್ನೆಟ್ ಬಳಸುವ ಅನುಮತಿ ಆ್ಯಪ್ ಹಾಕಿಕೊಂಡ ಕೂಡಲೇ ಸದ್ದಿಲ್ಲದೆ ಸಿಕ್ಕಿಬಿಡುತ್ತದೆ, ಮತ್ತು ಸಾಮಾನ್ಯ ಫೋನುಗಳಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಗುಂಡಿ ಇರುವುದಿಲ್ಲ. ಗ್ರ್ಯಾಫೀನ್‌ಓಎಸ್‌ನಂಥ, ಆಂಡ್ರಾಯ್ಡ್ ಆಧರಿಸಿದ ಕೆಲವು ಬದಲಿ ಕಾರ್ಯವ್ಯವಸ್ಥೆಗಳು ಮಾತ್ರ ಆ ಸೌಲಭ್ಯ ಕೊಡುತ್ತವೆ. ಆ್ಯಪ್ ಇನ್ಫೋಗೆ ಹೋಗಿ, ಪರ್ಮಿಷನ್ಸ್ ಒತ್ತಿ, ಮೇಲಿನ ಮೂಲೆಯ ಮೂರು ಚುಕ್ಕೆಗಳಲ್ಲಿ ಎಲ್ಲ ಅನುಮತಿಗಳನ್ನು ತೋರಿಸುವ ಆಯ್ಕೆಯನ್ನು ತೆರೆದರೆ ಆ ಆ್ಯಪ್‌ಗೆ ನೆಟ್‌ವರ್ಕ್ ಪ್ರವೇಶವಿದೆಯೇ ಎಂಬುದು ಗೊತ್ತಾಗುತ್ತದೆ; ಫೋನ್ ತಯಾರಕರನ್ನು ಅವಲಂಬಿಸಿ ಈ ದಾರಿ ಸ್ವಲ್ಪ ಬೇರೆಯಾಗಿರಬಹುದು. ನನ್ನ ಮಟ್ಟಿಗೆ ಆಯ್ಕೆಯ ಮೊದಲ ಜರಡಿ ಇದೇ. ಕ್ಯಾಲ್ಕುಲೇಟರ್‌ಗೆ, ಟಾರ್ಚ್‌ಗೆ, ಗ್ಯಾಲರಿಗೆ ಇಂಟರ್ನೆಟ್ ಏಕೆ ಬೇಕು ಎಂಬುದಕ್ಕೆ ತೃಪ್ತಿಕರ ಉತ್ತರ ಸಿಗದಿದ್ದರೆ ಆ ಆ್ಯಪ್‌ನ ಉಳಿದ ಗುಣಗಳನ್ನು ಪರಿಶೀಲಿಸುವ ಶ್ರಮವೇ ಬೇಡ.

ಕೀಬೋರ್ಡನ್ನು ತೆಗೆದುಕೊಳ್ಳಿ. ಹೊಸ ಕೀಬೋರ್ಡ್ ಚಾಲೂ ಮಾಡುವಾಗ, ನೀವು ಟೈಪ್ ಮಾಡುವ ಪಾಸ್‌ವರ್ಡ್ ಮತ್ತು ಕಾರ್ಡ್ ಸಂಖ್ಯೆಗಳೂ ಸೇರಿದಂತೆ ಎಲ್ಲವನ್ನೂ ಇದು ಸಂಗ್ರಹಿಸಬಹುದು ಎಂಬ ಎಚ್ಚರಿಕೆಯನ್ನು ಆಂಡ್ರಾಯ್ಡ್ ತೋರಿಸುತ್ತದೆ. ಒಳ್ಳೆಯ ಕೀಬೋರ್ಡಿಗೂ ಕೆಟ್ಟ ಕೀಬೋರ್ಡಿಗೂ ಅದೇ ಎಚ್ಚರಿಕೆ ಬರುವುದರಿಂದ ಎಲ್ಲರೂ ಓದದೆಯೇ ಓಕೆ ಒತ್ತುತ್ತಾರೆ. ಇಲ್ಲಿ ವ್ಯತ್ಯಾಸ ತಿಳಿಯುವುದು ಇಂಟರ್ನೆಟ್ ಅನುಮತಿಯಿಂದಲೇ: ‘ಹೆಲಿಬೋರ್ಡ್’ ಆ ಅನುಮತಿಯನ್ನೇ ಕೇಳುವುದಿಲ್ಲ, ಹಾಗಾಗಿ ಒತ್ತಿದ ಕೀಲಿಗಳನ್ನು ಅದು ತಾನಾಗಿ ನೆಟ್‌ವರ್ಕ್ ಮೂಲಕ ಹೊರಗೆ ಕಳುಹಿಸಲು ಬರುವುದಿಲ್ಲ. ಕನ್ನಡ ವಿನ್ಯಾಸವೂ ಅದರಲ್ಲಿದೆ. ಬೆರಳನ್ನು ಜಾರಿಸುತ್ತ ಬರೆಯುವ ಅಭ್ಯಾಸವಿರುವವರಿಗೆ ಮಾತ್ರ ಸ್ವಲ್ಪ ನಿರಾಸೆಯಾಗಬಹುದು, ಏಕೆಂದರೆ ಅದಕ್ಕೆ ಬೇಕಾದ ಮುಚ್ಚಿದ ಕೋಡಿನ ಫೈಲೊಂದನ್ನು ಬಳಕೆದಾರರೇ ಹುಡುಕಿ ತಂದು ಸೇರಿಸಬೇಕು.

ಇಂಟರ್ನೆಟ್ ಬಳಸುತ್ತವೆ ಎಂಬುದು ನಿಮಗೆ ಇಷ್ಟವಾಗದಿದ್ದರೂ ಬಿಡಲಾಗದ ಆ್ಯಪ್‌ಗಳಿಗೆ ‘ನೆಟ್‌ಗಾರ್ಡ್’ ಬಳಸಬಹುದು. ಅದು ಫೋನಿನೊಳಗೇ ಒಂದು ವಿಪಿಎನ್‌ನಂತೆ (ಫೋನಿನ ನೆಟ್ ಸಂಚಾರವನ್ನೆಲ್ಲ ತನ್ನ ಮೂಲಕ ಹಾಯಿಸುವ ವ್ಯವಸ್ಥೆ) ವರ್ತಿಸಿ, ಆರಿಸಿದ ಆ್ಯಪ್‌ಗಳ ಸಂಪರ್ಕವನ್ನು ತಡೆಯುತ್ತದೆ. ಈ ಕಾರಣಕ್ಕೇ ಅದರ ಜೊತೆಗೆ ಬೇರೆ ವಿಪಿಎನ್ ನಡೆಯುವುದಿಲ್ಲ.

ಎಫ್-ಡ್ರಾಯ್ಡ್‌ನ ಪುಟವನ್ನು ಓದುವ ಬಗೆ

2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಮುಕ್ತ ತಂತ್ರಾಂಶಗಳನ್ನು ಮಾತ್ರ ಇಟ್ಟುಕೊಳ್ಳುವ ಆ್ಯಪ್ ಭಂಡಾರ. ಅಭಿವೃದ್ಧಿಗಾರರು ಕಳುಹಿಸಿದ ಸಿದ್ಧ ಫೈಲನ್ನು ಹಾಗೆಯೇ ಹಂಚುವ ಬದಲು, ಅದು ಪ್ರಕಟವಾದ ಸೋರ್ಸ್ ಕೋಡನ್ನು ತೆಗೆದುಕೊಂಡು ತಾನೇ ಆ್ಯಪ್ ಕಟ್ಟುತ್ತದೆ. ನಾವು ಹಾಕಿಕೊಂಡ ಆ್ಯಪ್ ಮತ್ತು ಎಲ್ಲರಿಗೂ ಕಾಣುವ ಕೋಡ್ ಒಂದೇ ಎಂಬ ಭರವಸೆ ಬರುವುದು ಇದರಿಂದ. ಹೀಗೆ ಕಟ್ಟುವುದಕ್ಕೆ ಸಮಯ ಹಿಡಿಯುವುದರಿಂದ ಅಪ್‌ಡೇಟ್‌ಗಳು ಕೆಲವೊಮ್ಮೆ ಹಲವು ದಿನ ತಡವಾಗಿ ಬರುತ್ತವೆ. ಬ್ರೌಸರ್‌ನಂಥ, ಭದ್ರತಾ ತಿದ್ದುಪಡಿಗಳು ಪದೇ ಪದೇ ಬೇಕಾಗುವ ಆ್ಯಪ್‌ಗಳ ವಿಷಯದಲ್ಲಿ ಈ ವಿಳಂಬವನ್ನು ನಾನು ಒಪ್ಪಿಕೊಳ್ಳಲಾರೆ. ಅವುಗಳನ್ನು ಅಭಿವೃದ್ಧಿಗಾರರು ನೇರವಾಗಿ ಬಿಡುಗಡೆ ಮಾಡುವ ಜಾಗದಿಂದಲೇ ಪಡೆಯುವುದು ಒಳ್ಳೆಯದು. ‘ಅಬ್ಟೇನಿಯಂ’ ಎಂಬ ಆ್ಯಪ್ ಅಂಥ ಬಿಡುಗಡೆಗಳ ಮೇಲೆ ಕಣ್ಣಿಟ್ಟು ಹೊಸದು ಬಂದಾಗ ತಿಳಿಸುತ್ತದೆ.

ಎಫ್-ಡ್ರಾಯ್ಡ್‌ನಲ್ಲಿ ಒಂದು ಆ್ಯಪ್‌ನ ಪುಟ ತೆರೆದಾಗ ವಿವರಣೆ ಮತ್ತು ಚಿತ್ರಗಳಿಗಿಂತ ಮುಂಚೆ ‘ಆ್ಯಂಟಿ-ಫೀಚರ್ಸ್’ ಎಂಬ ಭಾಗವನ್ನು ನೋಡಬೇಕು. ಆ್ಯಪ್ ಜಾಹೀರಾತು ತೋರಿಸಿದರೆ, ಬಳಕೆಯ ವರದಿ ಕಳುಹಿಸಿದರೆ, ಮುಕ್ತವಲ್ಲದ ಸೇವೆಯನ್ನು ಅವಲಂಬಿಸಿದ್ದರೆ ಅಲ್ಲಿ ಬರೆದಿರುತ್ತದೆ. ಬರೆದಿದೆಯೆಂದ ಮಾತ್ರಕ್ಕೆ ಬೇಡವೆನ್ನಬೇಕಾಗಿಲ್ಲ. ‘ನ್ಯೂಪೈಪ್’ ಯೂಟ್ಯೂಬ್‌ನ ವಿಡಿಯೊಗಳನ್ನು ತೋರಿಸುವ ಆ್ಯಪ್ ಆದ್ದರಿಂದ ಮುಕ್ತವಲ್ಲದ ಸೇವೆಯ ಮೇಲೆ ಅದು ಅವಲಂಬಿಸಿರುವುದು ಸಹಜವೇ. ಅದೇ ಪುಟದಲ್ಲಿ ಕೆಳಗೆ ಹೋದರೆ ಆವೃತ್ತಿಗಳ ಪಟ್ಟಿಯೂ ಪ್ರತಿಯೊಂದರ ಜೊತೆಗೆ ಅದು ಕೇಳುವ ಅನುಮತಿಗಳೂ ಕಾಣುತ್ತವೆ. ಕೊನೆಯ ಆವೃತ್ತಿಯ ದಿನಾಂಕವನ್ನು ಆ್ಯಪ್‌ನ ಸ್ವಭಾವಕ್ಕೆ ತಕ್ಕಂತೆ ತೂಗಬೇಕು: ಎರಡು ವರ್ಷದಿಂದ ಅಪ್‌ಡೇಟ್ ಆಗದ ಕ್ಯಾಲ್ಕುಲೇಟರ್ ತನ್ನ ಕೆಲಸವನ್ನು ಮುಗಿಸಿ ನಿಂತಿರಬಹುದು, ಎರಡು ತಿಂಗಳಿಂದ ಅಪ್‌ಡೇಟ್ ಆಗದ ಬ್ರೌಸರ್ ಅಪಾಯಕಾರಿ.

ಪ್ಲೇ ಸ್ಟೋರ್‌ನಲ್ಲಿರುವ ಆ್ಯಪ್‌ಗಳ ಬಗ್ಗೆ ತಿಳಿಯಲು ಫ್ರಾನ್ಸಿನ ಲಾಭರಹಿತ ಸಂಸ್ಥೆಯಾದ ‘ಎಕ್ಸೋಡಸ್ ಪ್ರೈವೆಸಿ’ ನೆರವಾಗುತ್ತದೆ. ಅಲ್ಲಿ ಆ್ಯಪ್‌ನ ಹೆಸರು ಕೊಟ್ಟರೆ ಅದರೊಳಗೆ ನಮ್ಮ ಬಳಕೆಯನ್ನು ಹಿಂಬಾಲಿಸುವ ಯಾವ ಯಾವ ಟ್ರ್ಯಾಕರ್‌ಗಳ ಕೋಡ್ ಇದೆ ಎಂಬ ವರದಿ ಸಿಗುತ್ತದೆ. ಕೋಡ್ ಇದೆ ಎಂದಷ್ಟೇ ಆ ವರದಿಯ ಅರ್ಥ. ಅದು ನಿಮ್ಮ ಫೋನಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಆ ವಿಧಾನ ಹೇಳುವುದಿಲ್ಲ, ಮತ್ತು ಸೊನ್ನೆ ಟ್ರ್ಯಾಕರ್ ಎಂದು ಬಂದದ್ದು ಪೂರ್ತಿ ನಿರ್ದೋಷಿ ಎಂಬ ಪ್ರಮಾಣಪತ್ರವೂ ಅಲ್ಲ. ಪ್ಲೇ ಸ್ಟೋರ್‌ನ ‘ಡೇಟಾ ಸೇಫ್ಟಿ’ ಭಾಗವನ್ನು ಮತ್ತು ಐಫೋನಿನ ಆ್ಯಪ್ ಸ್ಟೋರ್‌ನಲ್ಲಿರುವ ಖಾಸಗಿತನದ ಚೀಟಿಗಳನ್ನು ತುಂಬುವವರು ಆ್ಯಪ್ ಮಾಡಿದವರೇ ಆದ್ದರಿಂದ ಅವಕ್ಕೆ ಅಷ್ಟೇ ಬೆಲೆ ಕೊಡಬೇಕು.

ಐಫೋನ್ ಬಳಸುವವರಿಗೆ ಹೇಳಬೇಕಾದದ್ದು ಕಡಿಮೆ. ಸಿಗ್ನಲ್, ವಿಎಲ್‌ಸಿ, ಬಿಟ್‌ವಾರ್ಡನ್, ಆರ್ಗ್ಯಾನಿಕ್ ಮ್ಯಾಪ್ಸ್ ಮೊದಲಾದ ಮುಕ್ತ ಆ್ಯಪ್‌ಗಳು ಅಲ್ಲಿಯೂ ಇವೆ, ಆದರೆ ಆ್ಯಪ್ ಸ್ಟೋರ್‌ನಿಂದ ಬಂದದ್ದು ಪ್ರಕಟಿತ ಕೋಡಿನಿಂದಲೇ ಕಟ್ಟಿದ್ದು ಎಂದು ಹೊರಗಿನವರು ತಾಳೆ ನೋಡುವುದು ಬಹಳ ಕಷ್ಟ.

ಬದಲಿಸುವ ಕ್ರಮ

ಒಂದೇ ದಿನ ಎಲ್ಲವನ್ನೂ ಬದಲಿಸಲು ಹೊರಟವರು ವಾರದೊಳಗೆ ಹಳೆಯದಕ್ಕೇ ಮರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಯಾರನ್ನೂ ಒಪ್ಪಿಸಬೇಕಾಗಿಲ್ಲದ ಆ್ಯಪ್‌ಗಳಿಂದ ತೊಡಗುವುದು ಸುಲಭ: ಕೀಬೋರ್ಡ್, ಗ್ಯಾಲರಿ, ಆನಂತರ ನಕ್ಷೆ. ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಅದರಿಂದ 2025ರಲ್ಲಿ ಕವಲೊಡೆದ ಕೋಮ್ಯಾಪ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಗಳನ್ನು ಫೋನಿಗೆ ಇಳಿಸಿಕೊಂಡು ನೆಟ್ ಇಲ್ಲದೆಯೂ ದಾರಿ ತೋರಿಸುತ್ತವೆ. ಆ ಕ್ಷಣದ ವಾಹನ ದಟ್ಟಣೆ ಮಾತ್ರ ಅವುಗಳಲ್ಲಿ ಕಾಣುವುದಿಲ್ಲ. ಅದು ತಿಳಿಯಬೇಕಾದರೆ ಯಾರಾದರೂ ಎಲ್ಲರ ಚಲನವಲನವನ್ನು ಒಟ್ಟುಗೂಡಿಸುತ್ತಿರಬೇಕು. ಸಂದೇಶದ ಆ್ಯಪ್ ಕೊನೆಗಿರಲಿ, ಏಕೆಂದರೆ ಅಲ್ಲಿ ನಿಮ್ಮೊಬ್ಬರ ನಿರ್ಧಾರ ಸಾಲದು. ಬ್ಯಾಂಕಿನ ಆ್ಯಪ್‌ಗೆ ಮುಕ್ತ ಬದಲಿಯೇ ಇರುವುದಿಲ್ಲ. ಅಂಥವನ್ನು ‘ಶೆಲ್ಟರ್’ ಎಂಬ ಆ್ಯಪ್ ಮೂಲಕ ಫೋನಿನ ವರ್ಕ್ ಪ್ರೊಫೈಲ್ ಎಂಬ ಪ್ರತ್ಯೇಕ ಕೋಣೆಯಲ್ಲಿ ಬೇರೆಯಾಗಿ ಇಟ್ಟರೆ ನಿಮ್ಮ ಸಂಪರ್ಕಗಳೂ ಫೋಟೊಗಳೂ ಅವಕ್ಕೆ ಕಾಣುವುದಿಲ್ಲ.

ಪ್ಲೇ ಸ್ಟೋರ್‌ನಿಂದ ಹಾಕಿಕೊಂಡಿದ್ದ ಒಂದು ಟಿಪ್ಪಣಿ ಆ್ಯಪ್ ಅನ್ನು ನಾನೊಮ್ಮೆ ಎಫ್-ಡ್ರಾಯ್ಡ್‌ನ ಆವೃತ್ತಿಗೆ ಬದಲಿಸಲು ಹೋದೆ. ಈಗಿರುವ ಪ್ಯಾಕೇಜ್‌ಗೂ ಇದಕ್ಕೂ ಹೊಂದಿಕೆಯಿಲ್ಲ ಎಂಬ ಸಂದೇಶ ಬಂತು. ಎರಡೂ ಕಡೆಯ ಆ್ಯಪ್ ಒಂದೇ ಆಗಿದ್ದರೂ ಅವುಗಳಿಗೆ ಹಾಕಿದ ಡಿಜಿಟಲ್ ಸಹಿ ಬೇರೆಯಾಗಿದ್ದರೆ ಆಂಡ್ರಾಯ್ಡ್ ಒಂದರ ಮೇಲೊಂದನ್ನು ಹಾಕಲು ಬಿಡುವುದಿಲ್ಲ ಎಂಬುದು ಗೊತ್ತಿಲ್ಲದೆ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ಎಂಟು ತಿಂಗಳ ಟಿಪ್ಪಣಿಗಳು ಹಳೆಯದರ ಜೊತೆಗೇ ಹೋದವು. ಅಳಿಸುವುದಕ್ಕೆ ಮುಂಚೆ ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ಇನ್ನೊಂದು ಸಾಧನದಲ್ಲಿ ತೆರೆದು ನೋಡಿದ್ದರೆ ಎರಡು ನಿಮಿಷದ ಕೆಲಸವಾಗುತ್ತಿತ್ತು. ಅಂದಿನಿಂದ ಯಾವ ಆ್ಯಪ್ ಆರಿಸಿದರೂ ಅದರಲ್ಲಿ ಒಂದೆರಡು ನಮೂದುಗಳನ್ನಷ್ಟೇ ಮಾಡಿ, ಅವುಗಳನ್ನು ಹೊರತೆಗೆದು, ಮತ್ತೆ ಒಳಸೇರಿಸಿ ನೋಡಿದ ಮೇಲೆಯೇ ನಿಜವಾದ ಬಳಕೆಗೆ ತೊಡಗುತ್ತೇನೆ. ‘ಕೀಪಾಸ್‌ಡಿಎಕ್ಸ್’ನಲ್ಲಿ ಪಾಸ್‌ವರ್ಡ್‌ಗಳೆಲ್ಲ ಒಂದೇ ಎನ್‌ಕ್ರಿಪ್ಟ್ ಆದ ಫೈಲಿನಲ್ಲಿದ್ದು, ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಕೀಪಾಸ್‌ಎಕ್ಸ್‌ಸಿ ತೆರೆಯುತ್ತದೆ. ಎರಡು ಹಂತದ ಲಾಗಿನ್‌ನ ಸಂಕೇತಗಳಿಗೆ ಬಳಸುವ ‘ಏಜಿಸ್’ ಕೂಡ ಹೀಗೆಯೇ ಎನ್‌ಕ್ರಿಪ್ಟ್ ಆದ ಬ್ಯಾಕಪ್ ಕೊಡುತ್ತದೆ. ಕೀಪಾಸ್‌ನ ಮುಖ್ಯ ಪಾಸ್‌ವರ್ಡ್ ಮರೆತರೆ ಸಹಾಯವಾಣಿಗೆ ಕರೆ ಮಾಡಿ ಬಿಡಿಸಿಕೊಳ್ಳುವ ದಾರಿಯಿಲ್ಲವಾದ್ದರಿಂದ ಅದನ್ನು ಕಾಗದದಲ್ಲಿ ಬರೆದು ಭದ್ರವಾದೆಡೆ ಇಡುವುದರಲ್ಲಿ ತಪ್ಪೇನಿಲ್ಲ.

ಗೂಗಲ್‌ನ ಸೂಚನಾ ವ್ಯವಸ್ಥೆಯನ್ನು ಬಳಸದ ಕೆಲವು ಮುಕ್ತ ಆ್ಯಪ್‌ಗಳಲ್ಲಿ ನೋಟಿಫಿಕೇಶನ್ ತಡವಾಗಿ ಬರುವುದುಂಟು. ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪ್ ಅನ್ನು ಹೊರಗಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೊಸದರೊಂದಿಗೆ ಒಂದು ತಿಂಗಳು ಕಳೆದು ಹಳೆಯದು ನೆನಪಾಗದಿದ್ದರೆ ಅದನ್ನು ತೆಗೆಯಬಹುದು. ತೆಗೆಯುವ ಮುನ್ನ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಖಾತೆಯನ್ನು ಅಳಿಸುವ ಕೋರಿಕೆ ಸಲ್ಲಿಸಿ, ಅದು ಸ್ವೀಕೃತವಾದ ಇಮೇಲ್ ಬಂದ ಮೇಲೆ ಆ್ಯಪ್ ಅಳಿಸಿ. ಬರಿಯ ಅನ್‌ಇನ್‌ಸ್ಟಾಲ್ ಮಾಡಿದರೆ ಫೋನಿನಲ್ಲಿದ್ದದ್ದು ಮಾತ್ರ ಹೋಗಿ, ಅಷ್ಟು ವರ್ಷ ಅದು ಸರ್ವರ್‌ನಲ್ಲಿ ಕೂಡಿಟ್ಟದ್ದು ಅಲ್ಲಿಯೇ ಉಳಿದಿರುತ್ತದೆ.