ಎಂಸಿಬಿ ಬಿತ್ತಂದ್ರ ಎತ್ತಾಕ ಓಡಬ್ಯಾಡ್ರಿ

ಕರೆಂಟ್ ಹೋತು ಅಂದಕೂಡಲೇ ಈಗಿನ ಹುಡುಗರು ಮೊಬೈಲ್ ಬ್ಯಾಟರಿ ಹಿಡಕೊಂಡು ಓಡತಾರ. ಎಂಸಿಬಿ, ಅಂದ್ರ ಕರೆಂಟ್ ಹೆಚ್ಚಾದ್ರ ತಾನ ಬಂದ್ ಆಗೂ ಸ್ವಿಚ್ಚುಗೋಳು, ಇರೂ ಡಬ್ಬಿ ಬಾಗಲಾ ತಗದು ಬಿದ್ದದ್ದನ್ನ ಎತ್ತತಾರ. ಮತ್ತ ಬೀಳತೈತಿ. ಮತ್ತ ಎತ್ತತಾರ. ಮೂರನೇ ಸಲ ಹೆಬ್ಬೆರಳಿಲೆ ಒತ್ತಿ ಹಿಡಿತಾರ, ಅದಕ್ಕೂ ನಿಲ್ಲಲಿಲ್ಲಂದ್ರ "ಇದು ಕೆಟ್ಟೈತಿ, ದೊಡ್ಡದು ಹಾಕಸೋಣ" ಅಂತಾರ. ಯಾಕ ಬಿತ್ತು ಅಂತ ಒಬ್ಬರೂ ಕೇಳಂಗಿಲ್ಲ. ಕೂಸು ಅಳಾಕತ್ತಿದ್ರ ಬಾಯಿ ಮುಚ್ಚತೀರೇನು, ಯಾಕ ಅಳತೈತಿ ಅಂತ ನೋಡತೀರೇನು?

ಒತ್ತಿ ಹಿಡದ್ರ ಏನೂ ಉಪಯೋಗ ಇಲ್ಲ. ಹೊರಗಿನ ಹಿಡಿಕಿ ಮ್ಯಾಲಿದ್ರೂ ಒಳಗಿನ ಕೊಂಡಿ ಕಳಚೇ ಕಳಚತೈತಿ, ಹಂಗ ಮಾಡೇ ಇಟ್ಟಿರತಾರ. ಆದ್ರ ಎತ್ತಿದಾಗೊಮ್ಮೆ ಶಾರ್ಟ್ ಆದ ಜಾಗದಾಗ ನೂರಾರು ಆಂಪ್ ಹೊಡೀತೈತಿ. ವಾಯರಿನ ಮ್ಯಾಲಿನ ಪ್ಲಾಸ್ಟಿಕ್ ಕರಗತೈತಿ, ಎಂಸಿಬಿ ಒಳಗಿನ ತುದಿಗೋಳು ಸುಟಗೊಂತ ಹೋಗತಾವ. ಒಂದು ಸಲ ಎತ್ತಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಎರಡನೇ ಸಲ ಬಿತ್ತಂದ್ರ ಕೈ ಹಿಂದಕ್ಕ ತಗೋರಿ.

ಮೊದಲು ಹೊರಗ ಹಣಿಕಿ ಹಾಕ್ರಿ. ಓಣಿಗೆಲ್ಲಾ ಕತ್ತಲಿದ್ರ ಅದು ನಿಮ್ಮ ಮನಿ ರೋಗ ಅಲ್ಲ. ಬಾಜೂಕಿನ ಮನ್ಯಾಗ ಲೈಟ್ ಐತಿ, ನಿಮ್ಮ ಡಬ್ಬ್ಯಾಗ ಒಂದೂ ಬಿದ್ದಿಲ್ಲ ಅಂದ್ರ ಮೀಟರಿನ ಕಡೆ ಇಲ್ಲಾ ಕಂಬದ ಕಡೆ ಏನೋ ಆಗೈತಿ. ಹೆಸ್ಕಾಂನ 1912ಕ್ಕ ಫೋನ್ ಹಚ್ಚರಿ, ಮೀಟರಿನ ಸೀಲ್ ಮುಟ್ಟಬ್ಯಾಡ್ರಿ. ಡಬ್ಬ್ಯಾಗ ಬಿದ್ದಿದ್ರ ಯಾವುದು ಬಿದ್ದೈತಿ ಅಂತ ನೋಡ್ರಿ. ಸಾಲಾಗಿ ಇರೂ ಸಣ್ಣವು ಎಂಸಿಬಿ. ಅಗಲಾಗಿದ್ದು, ಮ್ಯಾಲ ‘ಟಿ’ ಅಂತ ಬರದ ಸಣ್ಣ ಗುಂಡಿ ಇರೂದು, ಕರೆಂಟ್ ಸೋರಿದ್ರ ಬೀಳೂದು ಆರ್‌ಸಿಸಿಬಿ. ಎರಡೂ ಹೇಳೂ ಮಾತು ಬ್ಯಾರೆ ಬ್ಯಾರೆ.

ಸಣ್ಣದು ಬಿದ್ದಿದ್ರ ಯಾವಾಗ ಬಿತ್ತು ಅನ್ನೂದರ ಮ್ಯಾಲ ಅರ್ಧ ಉತ್ತರ ಸಿಗತೈತಿ. ಬಟನ್ ಒತ್ತಿದ ಕ್ಷಣಕ್ಕ ಠಪ್ ಅಂತ ಬಿದ್ರ ಶಾರ್ಟ್. ಎಂಸಿಬಿ ಒಳಗ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ ಇರತೈತಿ, ಕರೆಂಟ್ ಒಮ್ಮಿಗಲೇ ಏರಿದ್ರ ಅದು ಅಯಸ್ಕಾಂತ ಆಗಿ ಕೊಂಡಿ ಎಳಕೊಂಡು ಬಿಡತೈತಿ. ಮೈಮ್ಯಾಲ ಸಿ16 ಅಂತ ಬರದಿದ್ರ ಅದು 16 ಆಂಪಿಂದು, 5ರಿಂದ 10 ಪಟ್ಟು, ಅಂದ್ರ 80ರಿಂದ 160 ಆಂಪಿನ ಒಳಗ ಆ ಸುರುಳಿ ಕೆಲಸ ಮಾಡತೈತಿ. ಇಂಥಾ ಶಾರ್ಟ್ ಹೆಚ್ಚಾಗಿ ಪಿನ್ನಿನ ಬುಡದಾಗ, ಇಸ್ತ್ರಿ ಪೆಟ್ಟಿಗಿ ವಾಯರ್ ಮುರಿಯೂ ಜಾಗದಾಗ, ಇಲ್ಲಾ ಇಲಿ ಕಡದ ಕಡೆ ಸಿಗತೈತಿ.

ಹಂಗಲ್ಲದ ಎಲ್ಲಾ ಛಲೋ ನಡದಿತ್ತು, ಇಪ್ಪತ್ತು ನಿಮಿಷಕ್ಕೋ ಅರ್ಧ ತಾಸಿಗೋ ಬಿತ್ತು ಅಂದ್ರ ಅದು ಹೊರಿ, ಅಂದ್ರ ಲೋಡ್, ಹೆಚ್ಚಾದದ್ದು. ಈ ಕೆಲಸಕ್ಕ ಒಳಗ ಇನ್ನೊಂದು ಪಟ್ಟಿ ಐತಿ. ಎರಡು ಲೋಹ ಕೂಡಿಸಿ ಮಾಡಿದ್ದು, ಕಾದಂಗ ಬಾಗತೈತಿ, ಬಾಗಿ ಕೊಂಡಿ ತಳ್ಳತೈತಿ. 16 ಆಂಪಿನದು 18 ಆಂಪ್ ಹರದ್ರೂ ಒಂದು ತಾಸು ತಡೀತೈತಿ. 23 ದಾಟಿದ್ರ ತಾಸಿನೊಳಗ ಬೀಳಬೇಕು. ಈಗ ನೀವೇ ಲೆಕ್ಕಾ ಹಾಕ್ರಿ: 2000 ವ್ಯಾಟಿನ ಗೀಸರ್ 9 ಆಂಪಿಗೆ ಸ್ವಲ್ಪ ಕಡಿಮಿ, ಇಂಡಕ್ಷನ್ ಒಲಿ ಅಷ್ಟೇ, ಇಸ್ತ್ರಿ 4 ಚಿಲ್ಲರೆ. ಮೂರೂ ಒಂದೇ ಲೈನಿನ ಮ್ಯಾಲ ಮುಂಜಾನೆ ಏಳಕ್ಕ ಹಚ್ಚಿದ್ರ 22ರ ಹತ್ತಿರ ಬಂತು. ಅದು ಬೀಳಲಾರದ ಏನು ಮಾಡಬೇಕು? ವ್ಯಾಟನ್ನ 230ರಿಂದ ಭಾಗಿಸಿದ್ರ ಆಂಪ್ ಬರತೈತಿ, ಇಷ್ಟು ಲೆಕ್ಕಾ ಎಲ್ಲಾರಿಗೂ ಬರತೈತಿ.

ಇದರಾಗ ನಮ್ಮ ಬ್ಯಾಸಗಿದೂ ಒಂದು ಪಾಲು ಐತಿ. ಆ ಪಟ್ಟಿಯ ಲೆಕ್ಕಾ ಹಾಕಿದ್ದು 30 ಡಿಗ್ರಿಗೆ. ವಿಜಯಪುರ, ಬಾಗಲಕೋಟಿ ಕಡೆ ಏಪ್ರಿಲ್ ಮೇದಾಗ 40 ದಾಟತೈತಿ, ಡಬ್ಬಿ ಪಡುವಣ ಗ್ವಾಡಿಗೆ ಇದ್ರಂತೂ ಸಂಜಿಮುಂದ ಮುಟ್ಟಾಕ ಬರಂಗಿಲ್ಲ. ಪಟ್ಟಿ ಮೊದಲೇ ಅರ್ಧ ಬಾಗಿ ನಿಂತಿರತೈತಿ. ಚಳಿಗಾಲದಾಗ ತಡದದ್ದು ಬ್ಯಾಸಗ್ಯಾಗ ತಡಿಯಂಗಿಲ್ಲ. ಬಿದ್ದ ಮ್ಯಾಲ ಕೂಡಲೇ ಎತ್ತಿದ್ರ ನಿಲ್ಲಂಗಿಲ್ಲ, ಪಟ್ಟಿ ಆರಬೇಕು. ಅದರ ಮ್ಯಾಲಿನ ಸಾಮಾನೆಲ್ಲಾ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು, ಹಿಡಿಕಿ ಪೂರಾ ಕೆಳಗ ಒತ್ತಿ ಆಮ್ಯಾಲ ಮ್ಯಾಲ ಎತ್ತರಿ. ಕೆಲವು ಕಂಪನಿಯವು ಬಿದ್ದಾಗ ನಟ್ಟನಡುವ ನಿಂತಿರತಾವ. ಅಲ್ಲಿಂದ ಸೀದಾ ಮ್ಯಾಲ ನೂಕಿದ್ರ ಕೊಂಡಿ ಹತ್ತಂಗಿಲ್ಲ.

ಹೊರಿ ಅಷ್ಟು ಇಲ್ಲ, ಆದ್ರೂ ಬೀಳತೈತಿ ಅಂದ್ರ ಹೆಚ್ಚಾಗಿ ಸ್ಕ್ರೂ ಸಡಲ ಆಗಿರತೈತಿ. ಸಡಲ ಇದ್ದ ಕಡೆ ವಾಯರ್ ಕಾಯತೈತಿ, ಆ ಕಾವು ಪಟ್ಟಿಗೆ ತಾಗತೈತಿ. ಡಬ್ಬಿ ಹತ್ತಿರ ಮೀನಿನ ವಾಸನಿ ಬಂದಂಗ ಆಗೂದು, ಎಂಸಿಬಿ ಬುಡ ಕಂದು ಬಣ್ಣಕ್ಕ ತಿರಗೂದು, ಸಣ್ಣಗ ಜುಯ್ ಅನ್ನೂದು, ಇದರಾಗ ಒಂದು ಕಂಡ್ರೂ ಮೇನ್ ಇಳಿಸಿ ವಾಯರಮನ್ನನ್ನ ಕರೀರಿ. ಸ್ಕ್ರೂ ನೀವು ತಿರುವಬ್ಯಾಡ್ರಿ, ಮೇನಿನ ಮ್ಯಾಲಿನ ತುದಿಯಾಗ ಕರೆಂಟ್ ಇದ್ದೇ ಇರತೈತಿ.

ಇನ್ನ "ದೊಡ್ಡದು ಹಾಕಸೋಣ" ಅನ್ನೂ ಮಾತು. ಮೊದಲು ಬಿಳೇ ಚೀನಿಮಣ್ಣಿನ ಫ್ಯೂಜ್ ಇರತಿದ್ದವು. ಫ್ಯೂಜ್ ಹೋದ್ರ ಗಂಡಸರು ಸೈಕಲ್ ಬ್ರೇಕಿನ ತಂತಿ, ತಾಮ್ರದ ನಾಲ್ಕು ಎಳಿ ಹೊಸದು ಕಟ್ಟತಿದ್ರು. "ಇನ್ನ ಹೋಗಂಗಿಲ್ಲ ಬಿಡು" ಅನ್ನತಿದ್ರು. ಖರೇನ, ಫ್ಯೂಜ್ ಹೋಗತಿರಲಿಲ್ಲ, ಗ್ವಾಡಿಯೊಳಗಿನ ವಾಯರ್ ಸುಡತಿತ್ತು. 16 ತಗದು 32 ಹಾಕಸೂದೂ ಅದೇ ಕೆಲಸ. ಎಂಸಿಬಿ ಇರೂದು ವಾಯರ್ ಕಾಯಾಕ. ಒಂದೂವರಿ ಎಂಎಂ ವಾಯರಿಗೆ 10, ಎರಡೂವರಿಗೆ 16, ನಾಲ್ಕಕ್ಕ 25, ಇದಕ್ಕಿಂತ ಮ್ಯಾಲ ಹೋಗಬ್ಯಾಡ್ರಿ. ಹೊರಿ ಹೆಚ್ಚ ಬೇಕಂದ್ರ ಗೀಸರಿಗೆ ಬ್ಯಾರೆ ವಾಯರ್ ಎಳಸರಿ.

ಮಿಕ್ಸರ್ ನಿಂತ್ರೂ ಡಬ್ಬಿ ಕಡೆ ಓಡೂವರು ಇದ್ದಾರ. ತಂಗೆವ್ವಾ, ಮಿಕ್ಸರಿನ ತಳಕ್ಕ ಒಂದು ಕೆಂಪು ಗುಂಡಿ ಇರತೈತಿ ನೋಡ್ರಿ. ಹೆಚ್ಚಿಗೆ ತುಂಬಿ ತಿರುವಿದ್ರ ಅದು ಹೊರಗ ಬರತೈತಿ. ಪಿನ್ ತಗದು, ಆರಾಕ ಬಿಟ್ಟು, ಒಳಗ ಒತ್ತಿದ್ರ ಆತು. ಹಸೀ ಜಾರ್ ಮ್ಯಾಲ ಕೂಡಸೂ ಚಟಾನೂ ಬಿಡ್ರಿ, ನೀರು ಕೆಳಗ ಇಳಿದು ಮೋಟರಿಗೆ ಹೋಗತೈತಿ. ಶೇಂಗಾ ಹಿಂಡಿ ಕುಟ್ಟೂ ಮುಂದಂತೂ ಜಾರನ್ನ ಬಿಸಲಿಗೆ ಒಣಗಿಸೇ ತಗೋಬೇಕು, ಇಲ್ಲಂದ್ರ ಹಿಂಡಿ ಎಂಟು ದಿವಸಕ್ಕ ಮುಗ್ಗಲು ನಾರತೈತಿ.

ಈಗ ಆರ್‌ಸಿಸಿಬಿ. ಇದು ಹೊರಿನೂ ನೋಡಂಗಿಲ್ಲ, ಶಾರ್ಟೂ ನೋಡಂಗಿಲ್ಲ. ಫೇಸಿನ್ಯಾಗ ಹೋದ ಕರೆಂಟು ನ್ಯೂಟ್ರಲಿನ್ಯಾಗ ಅಷ್ಟೇ ತಿರುಗಿ ಬಂತೋ ಇಲ್ಲೋ ಅಂತ ತಕ್ಕಡಿ ಹಿಡದಂಗ ತೂಗತೈತಿ. 30 ಮಿಲಿ ಆಂಪ್ ಕಡಿಮಿ ಬಂದ್ರ, ಅಂದ್ರ ಎಲ್ಲೋ ಭೂಮಿಗೆ ಇಲ್ಲಾ ಯಾರದೋ ಮೈಯಾಗ ಹಾದು ಸೋರಿದ್ರ, ಕಣ್ಣು ಮುಚ್ಚಿ ತಗಿಯೂದರೊಳಗ ಬೀಳತೈತಿ. ಮನುಷ್ಯಾರ ಜೀವ ಕಾಯೂದು ಇದೇ. ಇದನ್ನ "ಸುಮ್ಮ ಸುಮ್ಮನ ಬೀಳತೈತಿ" ಅಂತ ತಗಸಿ ಸೀದಾ ವಾಯರ್ ಜೋಡಸೂವರನ್ನ ಕಂಡ್ರ ನನಗ ಮೈ ಉರೀತೈತಿ. ಸುಮ್ಮ ಸುಮ್ಮನ ಯಾವುದೂ ಬೀಳಂಗಿಲ್ಲ.

ಸೋರೂದು ಎಲ್ಲಿ ಅಂತ ಹುಡುಕೂ ಪದ್ಧತಿ ಹೇಳತೀನಿ, ಒಂದೂ ಬಿಡಲಾರದಂಗ ಮಾಡ್ರಿ. ಹಗಲಿನ್ಯಾಗ ಮಾಡ್ರಿ. ಕೈ ಒಣಗಿರಲಿ, ಕಾಲಾಗ ರಬ್ಬರ್ ಚಪ್ಪಲಿ ಇರಲಿ. ಸಣ್ಣವನ್ನೆಲ್ಲಾ ಕೆಳಗ ಇಳಸರಿ. ಆರ್‌ಸಿಸಿಬಿ ಒಂದನ್ನ ಎತ್ತರಿ. ನಿಂತ್ರ ಎಡಗಡೆಯಿಂದ ಸಣ್ಣವನ್ನ ಒಂದೊಂದ ಎತ್ತಿ, ಒಂದೊಂದಕ್ಕೂ ನಿಧಾನಕ್ಕ ಇಪ್ಪತ್ತು ಎಣಸರಿ. ಯಾವುದನ್ನ ಎತ್ತಿದಾಗ ಆರ್‌ಸಿಸಿಬಿ ಬಿತ್ತೋ ಹೆಚ್ಚಾಗಿ ಆ ಲೈನಿನ್ಯಾಗ ಕಳ್ಳ ಇರತಾನ.

ಎಲ್ಲಾ ಸಣ್ಣವು ಕೆಳಗಿದ್ರೂ ಆರ್‌ಸಿಸಿಬಿ ನಿಲ್ಲವಲ್ದು ಅಂದ್ರ ಎಷ್ಟೋ ವಾಯರಮನ್ನರೂ ಅದೇ ಕೆಟ್ಟೈತಿ ಅಂತ ಹೊಸದು ಮಾರತಾರ. ತಡೀರಿ. ಸಣ್ಣ ಎಂಸಿಬಿ ಕಡಿಯೂದು ಫೇಸ್ ಒಂದನ್ನ. ಗ್ವಾಡಿ ಮ್ಯಾಲಿನ ಬಟನ್ನೂ ಅಷ್ಟೇ. ನ್ಯೂಟ್ರಲ್ ಹಂಗೇ ಕೂಡಿಕೊಂಡಿರತೈತಿ. ಯಾವುದೋ ಸಾಮಾನಿನೊಳಗ ನ್ಯೂಟ್ರಲ್ಲು ಅರ್ಥಿಂಗಿಗೆ, ಅಂದ್ರ ಭೂಮಿಗೆ ಹೋಗೂ ವಾಯರಿಗೆ, ತಾಗಿದ್ರ ನೀವು ಬಟನ್ ಬಂದ್ ಮಾಡಿದ್ರೂ ಆರ್‌ಸಿಸಿಬಿ ಬೀಳತೈತಿ. ಅದಕ್ಕ ಪಿನ್ನನ್ನೇ ಕಿತ್ತಬೇಕು. ಫ್ರಿಜ್, ಟಿವಿ, ವಾಷಿಂಗ್ ಮಷಿನ್, ಕೂಲರ್, ನೀರಿನ ಫಿಲ್ಟರ್, ಗೀಸರ್, ಮಂಚದ ಹಿಂದಿನ ಚಾರ್ಜರ್ ಸೈತ. ಒಂದೂ ಬಿಡಬ್ಯಾಡ್ರಿ, ಬಿಟ್ಟದ್ದೇ ಕಳ್ಳ ಇರತೈತಿ. ಎಲ್ಲಾ ಕಿತ್ತಿ ಎತ್ತರಿ. ಈಗ ನಿಂತ್ರ ಒಂದೊಂದ ಪಿನ್ ಹಾಕಿ, ಸಾಮಾನು ಚಾಲೂ ಮಾಡಿ ನೋಡ್ರಿ. ಎಲ್ಲಾ ಕಿತ್ತಿದ್ರೂ ನಿಲ್ಲಲಿಲ್ಲಂದ್ರ ಹೆಚ್ಚಾಗಿ ಸೋರೂದು ಗ್ವಾಡಿಯ ವಾಯರಿನ್ಯಾಗ. ಅವಾಗ ಮೆಗ್ಗರ್, ಅಂದ್ರ ವಾಯರಿನ ಸೋರಿಕಿ ಪರೀಕ್ಷೆ ಮಾಡೂ ಯಂತ್ರ, ಇದ್ದ ವಾಯರಮನ್ ಬೇಕು, ಅವ ನ್ಯೂಟ್ರಲ್ ಒಂದೊಂದ ಬಿಚ್ಚಿ ನೋಡತಾನ. ಇನ್ವರ್ಟರ್ ಹಾಕಿಸಿದ ಮರುದಿನದಿಂದ ಬೀಳಾಕತ್ತಿದ್ರ ಇನ್ವರ್ಟರಿನ ನ್ಯೂಟ್ರಲ್ಲು ಮನಿ ನ್ಯೂಟ್ರಲ್ಲಿಗೆ ತಪ್ಪು ಕಡೆ ಕೂಡೈತೇನು ಅಂತ ಅವಗ ಮೊದಲೇ ಹೇಳ್ರಿ.

ಡಬ್ಬಿ ಬಾಗಲಾ ಒಳಗ ಒಂದು ಕಾಗದ ಅಂಟಸರಿ. ಬಿದ್ದ ತಾರೀಖು, ತಾಸು, ಅವಾಗ ಏನು ಹಚ್ಚಿತ್ತು, ಮಳಿ ಇತ್ತೋ ಇಲ್ಲೋ. ನಾಲ್ಕು ಸಲ ಬರದ್ರ ರೋಗ ತಾನ ಮಾತಾಡತೈತಿ. ಗೀಸರ್ ಹಚ್ಚಿ ಹತ್ತು ನಿಮಿಷಕ್ಕ ಆರ್‌ಸಿಸಿಬಿ ಬೀಳತಿದ್ರ ಹೆಚ್ಚಾಗಿ ಒಳಗಿನ ಕಾಯಿಲ್ ಸೀಳಿರತೈತಿ. ನಮ್ಮ ಬೋರಿನ ಸವಳು ನೀರಿಗೆ ಕಾಯಿಲ್ ಮ್ಯಾಲ ಸುಣ್ಣದಂಥಾ ಪದರು ಕಟ್ಟತೈತಿ, ಕಾವು ಹೊರಗ ಹೋಗಲಾರದ ಕೊಳವಿ ಬಿರೀತೈತಿ, ನೀರು ಒಳಗ ಸೇರತೈತಿ. ಮಧ್ಯರಾತ್ರಿ ಎಲ್ಲಾರೂ ಮಲಗಿದಾಗ, ಎಂಟು ಹತ್ತು ತಾಸಿಗೊಮ್ಮೆ ಬೀಳತಿದ್ರ ಫ್ರಿಜ್ ನೋಡ್ರಿ. ಬರ್ಫ ಕಟ್ಟಲಾರದಂಥಾ ಫ್ರಿಜ್ಜಿನ್ಯಾಗ ಬರ್ಫ ಕರಗಸೂ ಹೀಟರ್ ತಾನ ಚಾಲೂ ಆಗತಿರತೈತಿ. ಮೊದಲ ಮಳಿಗೆ ಬಿದ್ರ ಗೇಟಿನ ಲೈಟು, ಮಾಳಗಿ ಮ್ಯಾಲಿನ ವಾಯರ್ ಜೋಡಿಸಿದ ಜಾಗ. ಒಂದೊಂದು ಸಾಮಾನೂ ಚೂರು ಚೂರು ಸೋರಿ, ಎಲ್ಲಾ ಕೂಡಿ ಬೀಳಸೂದೂ ಉಂಟು, ಯಾಕಂದ್ರ 30 ಮಿಲಿ ಆಂಪಿಂದು 15 ದಾಟಿದ ಮ್ಯಾಲ ಯಾವಾಗರ ಬೀಳಬಹುದು.

ಕೂಲರ್ ಬಗ್ಗೆ ಬ್ಯಾರೆ ಹೇಳಬೇಕು. ತಗಡಿನ ಮೈ, ಒಳಗ ನೀರು, ನೀರಿನ್ಯಾಗ ಪಂಪು, ಬರಿಗಾಲಿನ ಮಕ್ಕಳು ಸುತ್ತಮುತ್ತ. ಅದರ ಪಿನ್ನಿನ ದಪ್ಪ ಕಡ್ಡಿ ಮುರದು ಎರಡು ಕಡ್ಡಿ ಸಾಕೆಟ್ಟಿಗೆ ತುರಕೂದು ಯಾವ ಜಾಣತನ? ಆ ದಪ್ಪ ಕಡ್ಡಿನೇ ಅರ್ಥಿಂಗು. ನೀರು ಹಾಕೂ ಮುಂದ ಪಿನ್ ಕಿತ್ತೇ ಹಾಕ್ರಿ.

ಅರ್ಥಿಂಗ್ ಗುಂಡಿ ಎಲ್ಲೈತಿ ಅಂತ ಹೊಸಾ ಮನಿಯವರಿಗೆ ಗೊತ್ತೇ ಇರಂಗಿಲ್ಲ, ಮ್ಯಾಲ ಫರಸಿ ಹಾಕಿಸಿ ಮುಚ್ಚಿರತಾರ. ನಮ್ಮ ಎರಿ ಮಣ್ಣು ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರೀತೈತಿ, ಪೈಪಿನಿಂದ ಮಣ್ಣು ದೂರ ಸರೀತೈತಿ. ಇದ್ದಲಿ ಉಪ್ಪು ಎಷ್ಟು ತುಂಬಿದ್ರೂ ಒಣಗಿದ ಮಣ್ಣಿನ್ಯಾಗ ಕರೆಂಟ್ ಇಳಿಯಂಗಿಲ್ಲ. ಮಾರ್ಚಿನಿಂದ ಮಳಿ ಬೀಳೂತನಕ ವಾರಕ್ಕ ಒಂದೆರಡು ಕೊಡ ನೀರು ಹಾಕ್ರಿ, ಬಟ್ಟಿ ಒಗದ ನೀರಾದ್ರೂ ನಡೀತೈತಿ.

ಆಮ್ಯಾಲ ಆ ‘ಟಿ’ ಗುಂಡಿ. ಅಮಾಸಿಗೊಮ್ಮೆ ಮನಿ ಸಾರಿಸೂ ದಿವಸ ಒತ್ತರಿ, ನೆನಪು ಉಳೀತೈತಿ. ಕರೆಂಟ್ ಇದ್ದಾಗ ಒತ್ತಬೇಕು, ಒತ್ತಿದ ಕೂಡಲೇ ಬೀಳಬೇಕು. ಬೀಳಲಿಲ್ಲಂದ್ರ ಅದೇ ವಾರ ಬದಲಿ ಮಾಡಸರಿ, ಮುಂದಿನ ಅಮಾಸಿತನಕ ತಡೀಬ್ಯಾಡ್ರಿ. ಒತ್ತೂ ಮೊದಲು ಟಿವಿ, ಕಂಪ್ಯೂಟರ್ ಬಂದ್ ಮಾಡ್ರಿ, ಫ್ರಿಜ್ಜಿನ ಪಿನ್ ತಗೀರಿ. ಎತ್ತಿದ ಮ್ಯಾಲ ಉಳದವನ್ನ ಕೂಡಲೇ ಹಚ್ಚಬಹುದು, ಫ್ರಿಜ್ಜಿನ ಪಿನ್ ಮಾತ್ರ ಐದು ನಿಮಿಷ ಬಿಟ್ಟು ಹಾಕ್ರಿ.