ಟ್ಯಾಬ್ಲೆಟ್‌ನಿಂದಲೇ ರೆಕಾರ್ಡಿಂಗ್ ಸಾಫ್ಟ್‌ವೇರ್ ಕಂಟ್ರೋಲ್ ಮಾಡೋದು

ಒಬ್ಬರೇ ಹಾಡಿ ಒಬ್ಬರೇ ರೆಕಾರ್ಡ್ ಮಾಡ್ಕೊಳ್ಳೋರಿಗೆ ಪ್ರತಿ ಟೇಕಿಗೂ ಮೈಕ್ ಬಿಟ್ಟು ಕಂಪ್ಯೂಟರ್ ಹತ್ರ ಓಡೋದೇ ದೊಡ್ಡ ಕಷ್ಟ, ಅಷ್ಟರಲ್ಲಿ ಹಾಡೋ ಮೂಡೇ ಹೋಗಿರುತ್ತೆ. ಮನೇಲಿ ಹಳೇ ಟ್ಯಾಬ್ಲೆಟ್ ಇದ್ರೆ ಸಾಕು, ಅದನ್ನೇ ರಿಮೋಟ್ ಮಾಡ್ಕೋಬಹುದು.

ಮೊದಲು ಟ್ಯಾಬ್ಲೆಟ್, ಕಂಪ್ಯೂಟರ್ ಎರಡೂ ಒಂದೇ ವೈಫೈನಲ್ಲಿರಬೇಕು. ಗೆಸ್ಟ್ ನೆಟ್‌ವರ್ಕ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಒಂದು ಡಿವೈಸ್‌ಗೆ ಇನ್ನೊಂದು ಕಾಣಲ್ಲ.

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸೋರಿಗೆ ಆ್ಯಪ್ ಕೂಡ ಬೇಡ. ಪ್ರಿಫರೆನ್ಸಸ್‌ನಲ್ಲಿ ಕಂಟ್ರೋಲ್/ಒಎಸ್‌ಸಿ/ವೆಬ್ ಅಂತ ಇದೆ, ಅಲ್ಲಿ ಆ್ಯಡ್ ಒತ್ತಿ ವೆಬ್ ಬ್ರೌಸರ್ ಇಂಟರ್ಫೇಸ್ ಆರಿಸಿದ್ರೆ ಒಂದು ಅಡ್ರೆಸ್ ತೋರಿಸುತ್ತೆ, ಅದನ್ನ ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲಿ ಟೈಪ್ ಮಾಡಿ, ಪ್ಲೇ, ರೆಕಾರ್ಡ್, ವಾಲ್ಯೂಮ್ ಎಲ್ಲಾ ಕೈಗೆ ಬರುತ್ತೆ. ಪೇಜ್ ಓಪನ್ ಆಗ್ಲಿಲ್ಲ ಅಂದ್ರೆ ಮೊದಲು ಕಂಪ್ಯೂಟರ್‌ನ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯೋ ಭದ್ರತೆ) ನೋಡಿ, ಬಹಳ ಸಲ ಅದೇ ತಡೆದಿರುತ್ತೆ.

ಆಪಲ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಲಾಜಿಕ್ ಪ್ರೋ ಇದ್ದು ಐಪ್ಯಾಡ್ ಇದ್ರೆ ಆಪಲ್‌ದೇ ಲಾಜಿಕ್ ರಿಮೋಟ್ ಆ್ಯಪ್ ಇದೆ, ಫ್ರೀ.

ನಿಮ್ಗೆ ಬೇಕಾದ ಹಾಗೆ ಬಟನ್, ಫೇಡರ್ (ವಾಲ್ಯೂಮ್ ಏರಿಸಿ ಇಳಿಸೋ ಜಾರುಗುಂಡಿ) ಜೋಡಿಸ್ಕೋಬೇಕಾ? ಟಚ್‌ಒಎಸ್‌ಸಿ ಅನ್ನೋ ಆ್ಯಪ್ ನೋಡಿ, ಆಂಡ್ರಾಯ್ಡ್‌ಗೂ ಇದೆ. ಅದರಲ್ಲಿ ಕಂಪ್ಯೂಟರ್‌ನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ಅಡ್ರೆಸ್) ಹಾಕಿ, ಒಂದು ಕಡೆ ಕಳಿಸೋ ಪೋರ್ಟ್ ನಂಬರೇ ಇನ್ನೊಂದು ಕಡೆ ಪಡೆಯೋ ಪೋರ್ಟ್ ನಂಬರ್ ಆಗೋ ಹಾಗೆ ಹೊಂದಿಸ್ಬೇಕು, ಹೆಚ್ಚಿನವರು ಎಡವೋದು ಇಲ್ಲೇ. ಒಎಸ್‌ಸಿ ಅಂದ್ರೆ ನೆಟ್‌ವರ್ಕ್ ಮೂಲಕ ಕಂಟ್ರೋಲ್ ಸಂದೇಶ ಕಳಿಸೋ ಪದ್ಧತಿ, ಅದರಲ್ಲಿ ಫೇಡರ್ ತುಂಬಾ ನಯವಾಗಿ ಹೋಗುತ್ತೆ, ಸಂಗೀತ ಉಪಕರಣಗಳಲ್ಲಿ ಬಳಸೋ ಮಾಮೂಲಿ ಮಿಡಿ ಕಂಟ್ರೋಲ್‌ನಲ್ಲಿ 0ಯಿಂದ 127ರವರೆಗೆ 128 ಹಂತ ಅಷ್ಟೇ.

ಒಂದು ಮಾತು, ವೈಫೈಲಿ ಡ್ರಮ್ ಪ್ಯಾಡ್ ಬಾರಿಸೋಕೆ ಹೋಗ್ಬೇಡಿ, ತಾಳ ಹಿಂದೆಮುಂದೆ ಆಗುತ್ತೆ. ಅದಕ್ಕೆ ಕೇಬಲ್ಲೇ ಸರಿ.